ವಿದ್ಯಾಂಗಣದ ಅನರ್ಥದಂಡ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದೆಂಬುದು ಈ ಪತ್ರಿಕೆಯ ವಾಚಕರಿಗೆ ಹೊಸ ವಿಷಯವೇನಲ್ಲ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದರ ಐದು ಭೇದಗಳನ್ನು ನಿರೂಪಿಸುವಾಗ, ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು, ಗಿಡಮರಗಳನ್ನು ಕಡಿಯುವುದು ಮುಂತಾದವುಗಳನ್ನು ಪ್ರಮಾದಚರ್ಯೆ ಎಂಬ ಭೇದದಲ್ಲಿ ಎಣಿಸಿದ್ದಾರೆ. ಗೃಹಸ್ಥನಾದವನು ಅಡುಗೆ ಮಾಡಬೇಕು, ಮನೆ ಕಟ್ಟಬೇಕು, ವ್ಯಾಪಾರ ನಡೆಸಬೇಕು. ಇವುಗಳಲ್ಲಿ ಒಂದಿಷ್ಟು ಹಿಂಸೆ ಅನಿವಾರ್ಯ. ಆದರೆ ಯಾವ ಪ್ರಯೋಜನವೂ ಇಲ್ಲದೆ, ಕೇವಲ ಅಜಾಗರೂಕತೆಯಿಂದ ಆಗುವ ಹಿಂಸೆಗೆ ಸಮಾಧಾನ ಹೇಳಲು ಬರುವುದಿಲ್ಲ. ಈ ವ್ರತದ ತಾತ್ಪರ್ಯ ಇದೇ.

ನಾವು ಈ ವ್ರತವನ್ನು ವ್ಯಕ್ತಿಗೆ ಅನ್ವಯಿಸುತ್ತೇವೆಯೇ ಹೊರತು ಸಂಸ್ಥೆಗೆ ಅನ್ವಯಿಸುವುದಿಲ್ಲ. ಮನೆಯಲ್ಲಿ ನಲ್ಲಿ ತೊಟ್ಟಿಕ್ಕಿದರೆ ಎದ್ದು ಹೋಗಿ ನಿಲ್ಲಿಸುವ ಗೃಹಸ್ಥನು, ತಾನೇ ಧರ್ಮದರ್ಶಿಯಾಗಿರುವ ಕಾಲೇಜಿನಲ್ಲಿ ನೀರಿನ ತೊಟ್ಟಿಯು ಬೆಳಗಿನಿಂದ ಸಂಜೆಯವರೆಗೆ ತುಂಬಿ ಹರಿದರೂ ಅದು ತನ್ನ ಕರ್ತವ್ಯದ ವ್ಯಾಪ್ತಿಗೆ ಸೇರಿದ್ದಲ್ಲವೆಂದು ಭಾವಿಸುತ್ತಾನೆ. ಇಂದು ಅತ್ಯಧಿಕವಾದ ಅನರ್ಥದಂಡವು ಮನೆಗಳಲ್ಲಿ ನಡೆಯುತ್ತಿಲ್ಲ. ಯಾರೊಬ್ಬರದೂ ಅಲ್ಲದ ದೊಡ್ಡ ಆವರಣಗಳಲ್ಲಿ, ಅದರಲ್ಲಿಯೂ ವಿದ್ಯೆಯ ಹೆಸರಿನಲ್ಲಿರುವ ಆವರಣಗಳಲ್ಲಿ ನಡೆಯುತ್ತಿದೆ. ಅದು ನಡೆಯುತ್ತಿರುವುದು ಹಣದ ಅಭಾವದಿಂದಲ್ಲ, ಜ್ಞಾನದ ಅಭಾವದಿಂದಲೂ ಅಲ್ಲ. ಲೆಕ್ಕ ಕೇಳುವವರ ಅಭಾವದಿಂದ. ಈ ಮಾತನ್ನು ಸ್ಥಾಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ಮೈಸೂರಿನಿಂದಲೇ ಆರಂಭಿಸೋಣ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು 1960ರಲ್ಲಿ ತನ್ನ ಸ್ನಾತಕೋತ್ತರ ಕೇಂದ್ರವನ್ನು ನಗರದ ಪಶ್ಚಿಮ ಭಾಗದಲ್ಲಿ, ಏಳುನೂರು ಎಕರೆಗೂ ಮೀರಿದ ವಿಶಾಲ ಪ್ರದೇಶದಲ್ಲಿ ರೂಪಿಸಿಕೊಂಡಿತು. ಅದಕ್ಕೆ ‘ಮಾನಸಗಂಗೋತ್ರಿ’ ಎಂದು ನಾಮಕರಣ ಮಾಡಿದವರು ಅಂದಿನ ಕುಲಪತಿಗಳಾಗಿದ್ದ ಕುವೆಂಪು ಅವರು. ಆ ಹೆಸರಿನ ಸೊಗಸಿಗೆ ಮಾರುಹೋಗಿ ನಾಡಿನ ಇತರ ವಿದ್ಯಾಕೇಂದ್ರಗಳೂ ಅದೇ ಹಾದಿಯಲ್ಲಿ ನಡೆದವು. ಮಂಗಳೂರಿನದು ಮಂಗಳಗಂಗೋತ್ರಿ, ಹಾಸನದ್ದು ಹೇಮಗಂಗೋತ್ರಿ, ದಾವಣಗೆರೆಯದು ಶಿವಗಂಗೋತ್ರಿ, ಮುಕ್ತ ವಿಶ್ವವಿದ್ಯಾನಿಲಯದ್ದು ಮುಕ್ತಗಂಗೋತ್ರಿ, ಕಲಬುರಗಿಯದು ಜ್ಞಾನಗಂಗಾ. ಗಂಗೋತ್ರಿಯೆಂದರೆ ನದಿಯ ಉಗಮಸ್ಥಾನ. ತನ್ನನ್ನು ಉಗಮಸ್ಥಾನವೆಂದು ಕರೆದುಕೊಂಡ ಸಂಸ್ಥೆಯು ತನ್ನಿಂದ ಕೆಳಕ್ಕೆ ಹರಿದುಹೋಗುವ ನೀರಿಗೆ ಉತ್ತರದಾಯಿಯಾಗಬೇಕಾಗುತ್ತದೆ. ಜ್ಞಾನದ ನೀರಿಗೆ ಮಾತ್ರವಲ್ಲ, ಬಚ್ಚಲಿನ ನೀರಿಗೂ.

ಮಾನಸಗಂಗೋತ್ರಿಯ ಪಾಲಿಗೆ ಇದು ಕೇವಲ ಅಲಂಕಾರದ ಮಾತಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯು ಇಂದು ವಿಶ್ವವಿದ್ಯಾನಿಲಯದ ಸ್ವಾಧೀನದಲ್ಲಿದೆ. ಒಂದು ಕಾಲದಲ್ಲಿ ಗದ್ದೆಗಳಿಗೆ ನೀರುಣಿಸಿದ, ನಗರದ ಜನರಿಗೆ ಕುಡಿಯುವ ನೀರನ್ನೂ ಒದಗಿಸಿದ ಕೆರೆ ಇದು. ಮುಂದೆ ನಗರವು ಬೆಳೆದಂತೆ ಸುತ್ತಲಿನ ಬಡಾವಣೆಗಳ ಕೊಳಚೆಯು ಅದರೊಳಕ್ಕೆ ನುಗ್ಗಿತು. ಮಳೆನೀರನ್ನು ತರುತ್ತಿದ್ದ ಪೂರ್ಣಯ್ಯ ನಾಲೆಯಂತಹ ಕಾಲುವೆಗಳು ಮನೆ, ರಸ್ತೆಗಳ ನಡುವೆ ಮುಚ್ಚಿಹೋದವು. ಕೆರೆಯೊಂದು ಸಾಯುವುದಕ್ಕೆ ಈ ಎರಡು ಕಾರಣಗಳು ಸಾಕು. ಕೊಳಚೆ ಬಂದರೆ ನೀರಿನಲ್ಲಿ ಸಾರಜನಕ, ರಂಜಕಗಳು ಹೆಚ್ಚುತ್ತವೆ. ಪಾಚಿಯೂ ಕಳೆಯೂ ಹಬ್ಬುತ್ತವೆ. ಅವು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವು ಖರ್ಚಾಗಿ ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ಕೊಳಚೆಯನ್ನು ತಡೆದು ಮಳೆಯ ಕಾಲುವೆಯನ್ನು ತೆರೆಯದಿದ್ದರೆ ಕೆರೆಯು ಬೇಸಗೆಯಲ್ಲಿ ಬತ್ತುತ್ತದೆ. ಎರಡನ್ನೂ ಒಟ್ಟಿಗೆ ಮಾಡದೆ ಗತ್ಯಂತರವಿಲ್ಲ. ಹೆಜ್ಜಾರ್ಲೆಗಳು ಬಂದಿಳಿಯುವ, ಸಾವಿರಾರು ಮಂದಿ ಮುಂಜಾನೆ ನಡೆದಾಡುವ ಈ ಕೆರೆಯ ಏರಿಯ ಮೇಲೆ ಎಷ್ಟು ವಿಚಾರಗೋಷ್ಠಿಗಳ ಮಾತು ತೇಲಿಹೋಗಿದೆಯೋ! ಆದರೆ ಕೆರೆಯ ಆರೋಗ್ಯವು ಗೋಷ್ಠಿಯಿಂದ ಬರುವುದಿಲ್ಲ, ಕಾಲುವೆಯಿಂದ ಬರುತ್ತದೆ.

ಬೆಂಗಳೂರಿನ ಸ್ಥಿತಿಯೂ ವಿಚಾರಾರ್ಹ. 1973ರಿಂದ ರೂಪುಗೊಂಡ ಜ್ಞಾನಭಾರತಿ ಆವರಣವು ಸಾವಿರ ಎಕರೆಗೂ ಮೀರಿದ್ದು. ಒಂದು ಕಾಲಕ್ಕೆ ಬೋಳಾಗಿದ್ದ ಅದರ ನೂರಾರು ಎಕರೆ ನೆಲದಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಶ್ರಮವಹಿಸಿ ಜೈವಿಕ ವನವನ್ನು ಬೆಳೆಸಿದರು. ಇದು ಹೃತ್ಪೂರ್ವಕವಾಗಿ ಶ್ಲಾಘಿಸಬೇಕಾದ ಕಾರ್ಯ. ಆದರೆ ಅದೇ ಪ್ರದೇಶದಲ್ಲಿ ಹರಿಯುವ ವೃಷಭಾವತಿಯನ್ನು ನೋಡಿರಿ: ಬಸವನಗುಡಿಯ ಬಳಿ ಹುಟ್ಟಿದ ನದಿಯು ನಗರದ ಕೊಳಚೆಯನ್ನು ಹೊತ್ತು, ನೊರೆಯುಕ್ಕಿಸುತ್ತಾ ಅರ್ಕಾವತಿಯನ್ನು ಸೇರಿ, ಅಲ್ಲಿಂದ ಕಾವೇರಿಗೆ ಇಳಿಯುತ್ತದೆ. ಮರ ಬೆಳೆಸಲು ಶ್ರದ್ಧೆಯುಳ್ಳ ಕೆಲವರು ಸಾಕು. ನೀರಿನ ವಿಷಯದಲ್ಲಿ ಹಾಗಲ್ಲ. ಮೇಲಿನವನ ಅಲಕ್ಷ್ಯವು ಕೆಳಗಿನವನ ಮನೆಬಾಗಿಲಿಗೆ ಬರುತ್ತದೆ. ಆದುದರಿಂದಲೇ ಆವರಣದ ಪರಿಸರ ಧರ್ಮವನ್ನು ನೆಟ್ಟ ಸಸಿಗಳ ಸಂಖ್ಯೆಯಿಂದ ಅಳೆಯುವುದು ಸರಿಯಲ್ಲ. ಹೊರಕ್ಕೆ ಬಿಟ್ಟ ನೀರಿನಿಂದಲೂ ಕಸದಿಂದಲೂ ಅಳೆಯಬೇಕು.

ಈ ವಿಷಯ ವಿದ್ಯಾವಂತರಿಗೆ ತಿಳಿಯದೆಂದು ಹೇಳುವಂತಿಲ್ಲ. 1990ರಲ್ಲಿಯೇ ಫ್ರಾನ್ಸಿನ ತಲ್ವಾರ್ ಎಂಬಲ್ಲಿ ಹಲವು ದೇಶಗಳ ವಿಶ್ವವಿದ್ಯಾನಿಲಯಗಳ ಮುಖ್ಯಸ್ಥರು ಸೇರಿ, ತಮ್ಮ ಆವರಣಗಳನ್ನು ಪರಿಸರಕ್ಕೆ ಹಿತವಾಗುವಂತೆ ನಡೆಸುವುದಾಗಿ ಹತ್ತು ಅಂಶಗಳ ಘೋಷಣೆ ಹೊರಡಿಸಿದರು. 1991ರಲ್ಲಿ ಎಂ. ಸಿ. ಮೆಹತಾ ಪ್ರಕರಣದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸಬೇಕೆಂದು ಆದೇಶಿಸಿತು. ಅದರ ಫಲವಾಗಿ ಪದವಿ ತರಗತಿಗಳಿಗೆ ಪರಿಸರ ಅಧ್ಯಯನವು ಪಠ್ಯವಾಗಿ ಬಂದಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ‘ನ್ಯಾಕ್’ ಮಾನ್ಯತಾ ಪರಿಷತ್ತು ಕಾಲೇಜುಗಳಿಂದ ಹಸಿರು ಲೆಕ್ಕಪರಿಶೋಧನೆಯ ವರದಿ ಕೇಳಲಾರಂಭಿಸಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2020ರಲ್ಲಿ ಪರಿಸರಸ್ನೇಹಿ ಆವರಣಗಳಿಗಾಗಿ ‘ಸತತ್’ ಎಂಬ ಮಾರ್ಗದರ್ಶಿ ಚೌಕಟ್ಟನ್ನು ಪ್ರಕಟಿಸಿತು. ಆದೇಶಕ್ಕೆ ಕೊರತೆಯಿಲ್ಲ, ಘೋಷಣೆಗೆ ಕೊರತೆಯಿಲ್ಲ, ಪಠ್ಯಕ್ಕೂ ಕೊರತೆಯಿಲ್ಲ. ಎರಡನೆಯ ಮಹಡಿಯಲ್ಲಿ ಜಲಸಂರಕ್ಷಣೆಯ ಪಾಠ ನಡೆಯುತ್ತಿರುವಾಗ ನೆಲಮಹಡಿಯ ಶೌಚಾಲಯದಲ್ಲಿ ನಲ್ಲಿ ಸುರಿಯುತ್ತಿರುತ್ತದೆ. ವಿದ್ಯಾರ್ಥಿಯು ಎರಡನ್ನೂ ಕಲಿಯುತ್ತಾನೆ. ಪರೀಕ್ಷೆಗೆ ಒಂದನ್ನು, ಬದುಕಿಗೆ ಇನ್ನೊಂದನ್ನು.

ಹಸಿರು ಲೆಕ್ಕಪರಿಶೋಧನೆಯ ವಿಷಯದಲ್ಲಿ ವಾಣಿಜ್ಯ ಬಲ್ಲವನಾಗಿ ಒಂದು ಮಾತು ಹೇಳಬೇಕಾಗಿದೆ. ಪರಿಶೋಧನೆಯೆಂದರೆ ಬರೆದಿಟ್ಟ ಲೆಕ್ಕವನ್ನು ತಾಳೆ ನೋಡುವುದು. ಕಿರ್ದಿಯನ್ನೇ ಬರೆಯದ ಅಂಗಡಿಗೆ ಪರಿಶೋಧಕನು ಬಂದು ಮಾಡುವುದಾದರೂ ಏನು? ಕಟ್ಟಡ ಕಟ್ಟಡಕ್ಕೂ ನೀರಿನ ಮೀಟರು ಇಲ್ಲದ, ತೂಕದ ಕಸದ ದಾಖಲೆಯಿಲ್ಲದ, ವಿದ್ಯುತ್ ಬಿಲ್ಲನ್ನು ಪಾವತಿಸಿ ಕಡತಕ್ಕೆ ಸೇರಿಸಿ ಮರೆಯುವ ಸಂಸ್ಥೆಯೊಂದು ಪರಿಶೋಧನೆಯ ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ, ಅದನ್ನು ನಾವು ವ್ಯಾಪಾರಿಗಳು ಯಾವ ಹೆಸರಿನಿಂದ ಕರೆಯುತ್ತೇವೆಂಬುದನ್ನು ಇಲ್ಲಿ ಬರೆಯಬೇಕಾಗಿಲ್ಲ.

ಲೆಕ್ಕವೆಂದರೆ ಹೇಗಿರಬೇಕೆಂಬುದಕ್ಕೆ ಒಂದು ಉದಾಹರಣೆ. ಸಾವಿರ ವಿದ್ಯಾರ್ಥಿಗಳ ಒಂದು ವಸತಿನಿಲಯವನ್ನು ಊಹಿಸಿಕೊಳ್ಳೋಣ. ತಲೆಯೊಂದಕ್ಕೆ ದಿನಕ್ಕೆ 135 ಲೀಟರ್ ನೀರು ಎಂಬುದು ಸರ್ಕಾರಿ ಇಂಜಿನಿಯರುಗಳು ಅನುಸರಿಸುವ ಪ್ರಮಾಣ. ಅದರಂತೆ ದಿನಕ್ಕೆ 1,35,000 ಲೀಟರ್ ಬೇಕು. ಅದರಲ್ಲಿ ನೂರಕ್ಕೆ ಎಂಬತ್ತು ಭಾಗ, ಅಂದರೆ 1,08,000 ಲೀಟರ್, ಕೊಳಚೆಯಾಗಿ ಹೊರಹೋಗುತ್ತದೆ. ಈಗ ಸಂಸ್ಥೆಯವರು ಅಭಿಮಾನದಿಂದ ತೋರಿಸುವ ಮಳೆನೀರು ಸಂಗ್ರಹದ ವಿಷಯ. ಮೈಸೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 800 ಮಿಲಿಮೀಟರ್ ಮಳೆ ಬೀಳುತ್ತದೆ. ಸಾವಿರ ಚದರ ಮೀಟರ್ ಛಾವಣಿಯ ಮೇಲೆ ಬೀಳುವ ಆ ಮಳೆ ಎಂಟು ಲಕ್ಷ ಲೀಟರ್. ಸೋರಿಕೆ ಕಳೆದು 6,40,000 ಲೀಟರ್ ದೊರೆಯಿತೆನ್ನೋಣ. ವಸತಿನಿಲಯಕ್ಕೆ ಅದು ಐದು ದಿನಕ್ಕೂ ಸಾಲದು. ಇನ್ನೊಂದೆಡೆ, 135 ಲೀಟರಿನಲ್ಲಿ 45 ಲೀಟರ್ ಕೇವಲ ಶೌಚಾಲಯಕ್ಕೆ ಸುರಿಯುವುದಕ್ಕೆಂದು ಎಣಿಸಿದ್ದು. ಬಚ್ಚಲಿನ ನೀರನ್ನು ಸೋಸಿ, ಶುದ್ಧೀಕರಿಸಿ, ಆ ಕೆಲಸಕ್ಕೆ ತಿರುಗಿಸಿದರೆ ದಿನಕ್ಕೆ 45,000 ಲೀಟರ್ ಕಾವೇರಿ ನೀರು ಉಳಿಯುತ್ತದೆ. ಹದಿನೈದು ದಿನಗಳಲ್ಲಿ ಉಳಿಯುವುದು ಆ ಛಾವಣಿಯಿಂದ ಇಡೀ ವರ್ಷ ದೊರೆಯುವ ಮಳೆನೀರಿಗಿಂತ ಹೆಚ್ಚು! ಮಳೆನೀರು ಸಂಗ್ರಹ ಬೇಡವೆಂದು ಇದರ ಅರ್ಥವಲ್ಲ. ಅದು ಅಂತರ್ಜಲಕ್ಕೆ ಅತ್ಯಗತ್ಯ. ಆದರೆ ಯಾವುದರಿಂದ ಎಷ್ಟು ಉಳಿತಾಯವೆಂಬುದು ಲೆಕ್ಕವಿಲ್ಲದೆ ತಿಳಿಯದು. ಲೆಕ್ಕವಿಲ್ಲದವನು ಕಣ್ಣಿಗೆ ಕಾಣುವುದನ್ನು ಮಾಡುತ್ತಾನೆ, ನೆಲದಡಿಯ ಕೊಳವೆಯನ್ನು ಮರೆಯುತ್ತಾನೆ.

ನೀರನ್ನು ಸೋಸಿ ಕುಡಿಯುವ ನಮ್ಮ ಹಿರಿಯರು, ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು ನೀರು ತಂದ ಬಾವಿಗೇ ಮರಳಿ ಬಿಡುತ್ತಿದ್ದರು. ಎಲ್ಲಿಂದ ತೆಗೆದುಕೊಂಡೆವೋ ಅಲ್ಲಿಗೆ ಹಾನಿಯಿಲ್ಲದಂತೆ ಹಿಂದಿರುಗಿಸಬೇಕೆಂಬ ವಿವೇಕ ಅದರಲ್ಲಿತ್ತು. ಆ ಬಟ್ಟೆಯನ್ನು ಅಡುಗೆಮನೆಯಲ್ಲಿ ಭಕ್ತಿಯಿಂದ ಉಳಿಸಿಕೊಂಡಿರುವ ನಾವು, ನಮ್ಮ ಸಂಸ್ಥೆಯು ದಿನಕ್ಕೆ ಲಕ್ಷ ಲೀಟರ್ ಕೊಳಚೆಯನ್ನು ಎಲ್ಲಿಗೆ ಬಿಡುತ್ತಿದೆಯೆಂದು ವಿಚಾರಿಸದಿದ್ದರೆ, ಆಚಾರವನ್ನು ಉಳಿಸಿಕೊಂಡು ಅದರ ಅರ್ಥವನ್ನು ಕಳೆದುಕೊಂಡಂತಾಯಿತು.

ವಿದ್ಯುತ್ತಿನ ಲೆಕ್ಕವೂ ಕಷ್ಟದ್ದಲ್ಲ. ಒಂದು ತರಗತಿಯಲ್ಲಿ 75 ವಾಟಿನ ಆರು ಹಳೆಯ ಫ್ಯಾನುಗಳು. ಕೊಠಡಿ ಖಾಲಿಯಿರುವಾಗಲೂ ದಿನಕ್ಕೆ ನಾಲ್ಕು ಗಂಟೆ ಅವು ತಿರುಗಿದರೆ 1.8 ಯೂನಿಟ್. ಅಂತಹ ಐವತ್ತು ಕೊಠಡಿಗಳಿಗೆ ದಿನಕ್ಕೆ 90 ಯೂನಿಟ್. ಇನ್ನೂರು ಕೆಲಸದ ದಿನಗಳಿಗೆ 18,000 ಯೂನಿಟ್. ಯೂನಿಟ್ಟಿಗೆ ಏಳು ರೂಪಾಯಿ ಎಂದು ಹಿಡಿದರೆ 1,26,000 ರೂಪಾಯಿ. ಯಾರೂ ಕುಳಿತಿರದ ಕೊಠಡಿಯಲ್ಲಿ ಗಾಳಿ ಬೀಸಿದ್ದಕ್ಕೆ ಕೊಟ್ಟ ಬೆಲೆ ಇದು. ಆ ವಿದ್ಯುತ್ತಿಗಾಗಿ ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಕಲ್ಲಿದ್ದಲು ಉರಿಯುತ್ತದೆ. ಬೂದಿಯು ಸುತ್ತಲಿನ ಹಳ್ಳಿಗಳ ಪಾಲಾಗುತ್ತದೆ. ಪ್ರಯೋಜನವಿಲ್ಲದೆ ಬೆಂಕಿ ಉರಿಸುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ? ಇನ್ನು ಮೈಸೂರಿಗೆ ಬರುವ ನೀರಾದರೂ ಹೊಂಗಳ್ಳಿ, ಬೆಳಗೊಳ, ಮೇಳಾಪುರಗಳಿಂದ ವಿದ್ಯುತ್ ಪಂಪುಗಳ ಮೂಲಕ ಮೇಲೇರಿ ಬರುವಂಥದು. ಆದ್ದರಿಂದ ವ್ಯರ್ಥವಾದ ಪ್ರತಿ ಕೊಡದ ನೀರಿನೊಡನೆ ವಿದ್ಯುತ್ತೂ ವ್ಯರ್ಥವಾಗುತ್ತದೆ.

ಈ ಹೊರೆಯನ್ನು ಹೊರುವವರು ಯಾರು? ಲೇಖಕನು ವಾಸಿಸುವ ಉದಯಗಿರಿಯು ನಗರದ ಪೂರ್ವಭಾಗದ ಜನನಿಬಿಡ ಬಡಾವಣೆ. ಇಲ್ಲಿಯ ಸಣ್ಣ ಮನೆಗಳಲ್ಲಿ ನೀರು ಬಿಡುವ ಹೊತ್ತಿಗೆ ಬಿಂದಿಗೆ, ಡ್ರಮ್ಮುಗಳನ್ನು ತುಂಬಿಸಿಟ್ಟುಕೊಂಡು, ಬಟ್ಟೆ ಒಗೆದ ನೀರಿನಲ್ಲಿ ಅಂಗಳ ತೊಳೆಯುವುದು ಯಾರೂ ಕಲಿಸದ ಪಾಠ. ಇಲ್ಲಿಯ ಮಕ್ಕಳು ನಗರವನ್ನು ದಾಟಿ ಪಶ್ಚಿಮದ ವಿದ್ಯಾಂಗಣಗಳಿಗೆ ಹೋಗಿ ಸುಸ್ಥಿರ ಅಭಿವೃದ್ಧಿಯ ಬಗ್ಗೆ ಪ್ರಬಂಧ ಬರೆಯುತ್ತಾರೆ. ಆದರೆ ಅವರ ತಾಯಂದಿರು ಆಚರಿಸುವಷ್ಟು ಸುಸ್ಥಿರತೆ ಆ ಆವರಣಗಳಲ್ಲಿಲ್ಲ. ನಗರದ ಕೊಳಚೆಯು ಕೆಸರೆ, ವಿದ್ಯಾರಣ್ಯಪುರ, ರಾಯನಕೆರೆಗಳ ಘಟಕಗಳಿಗೆ ಇಳಿಯುತ್ತದೆ. ನಗರದ ಕಸವು ವಿದ್ಯಾರಣ್ಯಪುರದ ಸೂಯೆಜ್ ಫಾರಂನಲ್ಲಿ ದಶಕಗಳ ಕಾಲ ಗುಡ್ಡವಾಗಿ ಬೆಳೆಯಿತು. ಅದರ ದುರ್ವಾಸನೆಯನ್ನು ಉಂಡವರು ಸುತ್ತಲಿನ ನಿವಾಸಿಗಳು. 2016ರ ಸ್ವಚ್ಛ ಸರ್ವೇಕ್ಷಣದಲ್ಲಿ ದೇಶಕ್ಕೇ ಮೊದಲ ಸ್ಥಾನ ಪಡೆದ ನಗರದ ಒಳಗಿನ ಕಥೆ ಇದು. ಸ್ವಚ್ಛವಾದ ಆವರಣವೆಂದರೆ ಕಸವನ್ನು ಇಲ್ಲವಾಗಿಸಿದ ಆವರಣವೆಂದು ತಿಳಿಯಬಾರದು. ಅನೇಕ ವೇಳೆ ಅದು ಕಸವನ್ನು ಬಡವರ ಬೀದಿಗೆ ಸಾಗಿಸಿದ ಆವರಣವಷ್ಟೆ.

ಇದಕ್ಕೆ ಬರುವ ಸಮಾಧಾನಗಳು ಎಲ್ಲರಿಗೂ ಪರಿಚಿತ. ‘ಇದು ನಗರಪಾಲಿಕೆಯ ಕೆಲಸ’ ಎಂಬುದು ಮೊದಲನೆಯದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ದಿನಕ್ಕೆ ನೂರು ಕಿಲೋಗ್ರಾಂಗೂ ಹೆಚ್ಚು ಕಸ ಉತ್ಪಾದಿಸುವ ವಿದ್ಯಾಸಂಸ್ಥೆಗಳನ್ನೂ ವಸತಿನಿಲಯಗಳನ್ನೂ ಪೂಜಾಸ್ಥಳಗಳನ್ನೂ ಭಾರಿ ಪ್ರಮಾಣದ ಉತ್ಪಾದಕರೆಂದು ಹೆಸರಿಸಿ, ಅವುಗಳ ಮೇಲೆ ಹೊಣೆ ಹೊರಿಸಿದ್ದವು. ಪೂಜಾಸ್ಥಳಗಳನ್ನೂ ಎಂಬ ಶಬ್ದವನ್ನು ನಮ್ಮ ಬಸದಿಗಳ ಆಡಳಿತ ಮಂಡಳಿಗಳು ಗಮನಿಸಬೇಕು. ‘ಸೌರಫಲಕ ಹಾಕಿಸಿದ್ದೇವೆ’ ಎಂಬುದು ಎರಡನೆಯದು. ಒಳ್ಳೆಯದೇ, ಆದರೆ ತೂತಿನ ಕೊಡಕ್ಕೆ ಎಷ್ಟು ನೀರು ಹೊತ್ತರೇನು? ಮೊದಲು ವ್ಯರ್ಥವನ್ನು ನಿಲ್ಲಿಸಿ, ಆಮೇಲೆ ಉತ್ಪಾದನೆಗೆ ತೊಡಗುವುದು ಕ್ರಮ. ‘ಹಣವಿಲ್ಲ’ ಎಂಬುದು ಮೂರನೆಯದು. ಸರ್ಕಾರಿ ವಿಶ್ವವಿದ್ಯಾನಿಲಯಗಳ ಬೊಕ್ಕಸದ ಕಷ್ಟವು ನಿಜವಾದುದೇ. ಆದರೆ ಖಾಲಿ ಕೊಠಡಿಯ ಫ್ಯಾನು ನಿಲ್ಲಿಸಲು ಅನುದಾನ ಬೇಕಾಗಿಲ್ಲ. ತೊಟ್ಟಿಕ್ಕುವ ನಲ್ಲಿಯೊಂದು ಸೆಕೆಂಡಿಗೊಂದು ಹನಿಯಂತೆ ದಿನಕ್ಕೆ ಸುಮಾರು ಇಪ್ಪತ್ತು ಲೀಟರ್ ನೀರನ್ನು ಕಳೆಯುತ್ತದೆ. ಅದಕ್ಕೆ ಬೇಕಾದ ವಾಷರಿನ ಬೆಲೆ ಕೆಲವೇ ರೂಪಾಯಿ. ಹಣವಿಲ್ಲದವನೇ ಹೆಚ್ಚು ಜಾಗರೂಕನಾಗಿರಬೇಕಲ್ಲವೆ?

ಇನ್ನು ನಮ್ಮ ಸಮಾಜದ ಕಡೆಗೆ ತಿರುಗೋಣ. ಪರರನ್ನು ಟೀಕಿಸಿ ನಮ್ಮವರನ್ನು ಬಿಡುವುದು ನ್ಯಾಯವಲ್ಲ. ವಿದ್ಯಾದಾನದಲ್ಲಿ ಜೈನ ಸಮಾಜವು ಹಿಂದೆ ಬಿದ್ದುದಿಲ್ಲ. ಆದರೆ ನಮ್ಮ ದಾನದ ಕ್ರಮದಲ್ಲಿಯೇ ಒಂದು ದೋಷವಿದೆ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯವರು ಹೊಸ ವಸತಿನಿಲಯಕ್ಕೆ ದೇಣಿಗೆ ಕೇಳಿಕೊಂಡು ಬಂದಿದ್ದರು. ನಕ್ಷೆಯಲ್ಲಿ ಮುಖಮಂಟಪವಿತ್ತು, ಕಾರಂಜಿಯಿತ್ತು, ದಾನಿಗಳ ಶಿಲಾಫಲಕಕ್ಕೆ ಗೋಡೆಯಿತ್ತು. ಕೊಳಚೆ ನೀರು ಎಲ್ಲಿಗೆ ಹೋಗುತ್ತದೆಂದು ಕೇಳಿದಾಗ ಬಂದವರಲ್ಲಿ ಒಬ್ಬರಿಗೂ ಉತ್ತರ ತಿಳಿದಿರಲಿಲ್ಲ. ಅವರು ಕೆಟ್ಟವರಲ್ಲ, ಅದುವರೆಗೆ ಯಾವ ದಾನಿಯೂ ಆ ಪ್ರಶ್ನೆಯನ್ನು ಕೇಳಿರಲಿಲ್ಲ, ಅಷ್ಟೆ. ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳುವ ಅವಕಾಶ ಕಟ್ಟಡಕ್ಕಿದೆ, ಕೊಳವೆಗಿಲ್ಲ. ಹೀಗಿರಲಾಗಿ ಹಣವು ಕಟ್ಟಡಕ್ಕೇ ಹರಿಯುವುದು ಸ್ವಾಭಾವಿಕ.

ನಮ್ಮ ಪರಂಪರೆಯಲ್ಲಿ ಜೀರ್ಣೋದ್ಧಾರಕ್ಕೆ ಹೊಸ ನಿರ್ಮಾಣಕ್ಕಿಂತ ಕಡಿಮೆಯಲ್ಲದ ಮನ್ನಣೆಯಿದೆ. ಅದೇ ದೃಷ್ಟಿಯನ್ನು ವಿದ್ಯಾಲಯಗಳಿಗೂ ಏಕೆ ಅನ್ವಯಿಸಬಾರದು? ಹೊಸ ಕಟ್ಟಡವೆಂದರೆ ಹೊಸ ಸಿಮೆಂಟು, ಕಬ್ಬಿಣ, ನದಿಯ ಮರಳು, ಗುಡ್ಡದ ಕಲ್ಲು. ಇರುವ ಕೊಠಡಿಗಳು ಮಧ್ಯಾಹ್ನದ ನಂತರ ಬೀಗ ಹಾಕಿಕೊಂಡಿರುವಾಗ ಇನ್ನೊಂದು ಮಹಡಿ ಏರಿಸುವುದು ಪರಿಗ್ರಹವೇ ಸರಿ. ಉದ್ಧಾರವೂ ಒಮ್ಮೆ ಮಾಡಿ ಮರೆಯುವಂಥದಲ್ಲ. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆಯು 1905ರ ಸುಮಾರಿನದು. ಜಾನಪದ ವಸ್ತುಸಂಗ್ರಹಾಲಯಕ್ಕೆ ನೆಲೆಯಾದ ಈ ಭವ್ಯ ಸೌಧವು 2000ದ ದಶಕದ ಆರಂಭದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ನವೀಕರಣಗೊಂಡಿತು. ಬಳಿಕ ಮತ್ತೆ ಶಿಥಿಲವಾಯಿತು. ದಾನವು ಕಟ್ಟಡವನ್ನು ಒಮ್ಮೆ ಎತ್ತಿ ನಿಲ್ಲಿಸಬಹುದು. ವರ್ಷ ವರ್ಷವೂ ನಿಲ್ಲಿಸಿಡುವುದು ನಿರ್ವಹಣೆ ಮಾತ್ರ.

ಆದುದರಿಂದ ಧರ್ಮಸಂಸ್ಥೆಗಳಿಗೂ ದಾನಿಗಳಿಗೂ ನಾಲ್ಕು ಸಲಹೆಗಳನ್ನು ಮಂಡಿಸುತ್ತೇನೆ. ಒಂದು: ಪ್ರತಿಯೊಂದು ವಿದ್ಯಾಸಂಸ್ಥೆಯೂ ತನ್ನ ವಾರ್ಷಿಕ ವರದಿಯಲ್ಲಿ ಆಯವ್ಯಯದ ಪಕ್ಕದಲ್ಲಿಯೇ ನೀರು, ವಿದ್ಯುತ್ತು, ಕೊಳಚೆ, ಕಸ ಇವು ನಾಲ್ಕರ ಲೆಕ್ಕವನ್ನು, ಹಿಂದಿನ ವರ್ಷದ ಅಂಕಿಯೊಡನೆ, ಒಂದೇ ಪುಟದಲ್ಲಿ ಮುದ್ರಿಸತಕ್ಕದ್ದು. ಅದಕ್ಕಾಗಿ ಕಟ್ಟಡಕ್ಕೊಂದು ಮೀಟರು, ಕಸಕ್ಕೊಂದು ತಕ್ಕಡಿ ಇದ್ದರೆ ಸಾಕು. ಎರಡು: ಆ ಲೆಕ್ಕವಿಲ್ಲದ ಸಂಸ್ಥೆಗೆ ಹೊಸ ಕಟ್ಟಡಕ್ಕೆಂದು ಒಂದು ರೂಪಾಯಿಯನ್ನೂ ಕೊಡಕೂಡದು. ಮೂರು: ಕಟ್ಟಡಕ್ಕೆ ಕೊಡುವ ದೇಣಿಗೆಯಲ್ಲಿ ಹತ್ತನೆಯ ಒಂದು ಭಾಗವನ್ನು ನಿರ್ವಹಣಾ ನಿಧಿಯಾಗಿ ಠೇವಣಿ ಇರಿಸಿ, ಅದರ ಬಡ್ಡಿಯನ್ನು ದುರಸ್ತಿಗೆ ಮಾತ್ರ ಬಳಸಬೇಕು. ನಾಲ್ಕು: ಈ ಲೆಕ್ಕವನ್ನು ಬರೆಯುವ ಕೆಲಸವನ್ನು ವಿದ್ಯಾರ್ಥಿಗಳಿಗೇ ವಹಿಸಬೇಕು. ವಾಣಿಜ್ಯದ ವಿದ್ಯಾರ್ಥಿಯು ಖತಾವಣಿ ಬರೆಯಲಿ, ವಿಜ್ಞಾನದ ವಿದ್ಯಾರ್ಥಿಯು ನೀರನ್ನು ಪರೀಕ್ಷಿಸಲಿ. ಪರಿಸರ ಅಧ್ಯಯನದ ಪಠ್ಯಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಇನ್ನೊಂದಿಲ್ಲ.

2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯ ಸರ್ಕಾರವು 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಅಂತಹ ವರ್ಷ ಮತ್ತೆ ಬಾರದೆಂದು ಯಾರೂ ಭರವಸೆ ಕೊಡಲಾರರು. ಬಂದಾಗ ನೀರಿಲ್ಲವೆಂದು ವಸತಿನಿಲಯಗಳಿಗೆ ರಜೆ ಘೋಷಿಸುವುದು ಸುಲಭ. ಆದರೆ ಮಕ್ಕಳು ಹಿಂದಿರುಗುವ ಮನೆಗಳಿಗೂ ನೀರು ಬರುವುದು ಅದೇ ಕಾವೇರಿಯಿಂದ. ಸಂಸ್ಥೆಯ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಆಯವ್ಯಯಕ್ಕೆ ಅನುಮೋದನೆ ಕೋರಿದಾಗ ಸಮಾಜಬಾಂಧವರಲ್ಲಿ ಒಬ್ಬರಾದರೂ ಎದ್ದುನಿಂತು, ‘ನೀರಿನ ಲೆಕ್ಕವೆಲ್ಲಿ?’ ಎಂದು ಕೇಳುವಂತಾಗಲಿ. ಮೊದಲ ವರ್ಷ ಉತ್ತರ ದೊರೆಯದಿರಬಹುದು. ಎರಡನೆಯ ವರ್ಷವೂ ಅದನ್ನೇ ಕೇಳಬೇಕು.